ಹಿಮ್ಮಡಿಗೆ ಎರಡು ಸುತ್ತು

"ಕಾಲು ಚಾಚು. ಮಾತು ಬೇಡ."

ಮಾರ್ಲಿಯ ದನಿ ಕೇಳಿ ಡೆಸ್ಮಂಡ್‌ನ ಮುಖ ಬಾಡಿತು.

ಅವನ ತಂಡದ ಫಿಸಿಯೋಗೆ ಜ್ವರ. ಹಾಗಾದಾಗ ಆಟ ನಡೆಯುವ ಕಾಲೇಜಿನವರೇ ಎದುರಾಳಿಗಳ ಕಾಲಿಗೂ ಉಳುಕದಂತೆ ಟೇಪು ಸುತ್ತಿಕೊಡುವುದು ವಾಡಿಕೆ. ರೀಡ್ಸ್‌ಫೋರ್ಡ್ ಕಾಲೇಜಿನ ಫಿಸಿಯೋ ಸಹಾಯಕಿ ಮಾರ್ಲಿಯ ಪಾಲಿಗೆ ಇವತ್ತು ಬಂದದ್ದು, ಅವಳು ಜನ್ಮದಲ್ಲಿ ಮುಟ್ಟಬಾರದೆಂದುಕೊಂಡಿದ್ದ ಕಾಲು!

ಮೂರು ವರ್ಷದ ಹಿಂದೆ, ಈ ಕಾಲೇಜಿಗೇ ಆಡುತ್ತಿದ್ದಾಗ, ಇದೇ ಮೇಜಿನ ಮೇಲೆ ಕೂತು, "ನೀನು ಟೇಪು ಸುತ್ತದಿದ್ರೆ ನಾನು ಬಾಸ್ಕೆಟ್‌ಬಾಲೇ ಆಡಲ್ಲ" ಎಂದಿದ್ದವನು ಇವನು. ಮರುದಿನ ಬೆಳಿಗ್ಗೆ, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಇವನ ಹೆಸರು! ಅವಳಿಗೆ ಗೊತ್ತಾದದ್ದು ಫೋನಿಗೆ ಬಂದ ಸುದ್ದಿಯಿಂದ. ಮೊದಲೆಲ್ಲ ಕಾಲೇಜು ಬದಲಿಸಿದವರು ಒಂದು ವರ್ಷ ಆಡದೆ ಕೂರಬೇಕಿತ್ತು. ಈಗ ಅದೂ ಇಲ್ಲ, ಅಂಗಿ ಬದಲಿಸಿದಷ್ಟೇ ಸಲೀಸು. ಮಾರ್ಲಿ ಆಗಿಂದಾಗಲೇ ಅವನ ನಂಬರ್ ಬ್ಲಾಕ್ ಮಾಡಿದ್ದಳು.

ಆದರೂ ಒಂದು ಪ್ರಶ್ನೆ ಮುಳ್ಳಿನಂತೆ ಉಳಿದೇಬಿಟ್ಟಿತ್ತು... 'ನನಗ್ಯಾಕೆ ಹೇಳಲಿಲ್ಲ?'

"ಇದು ಎಷ್ಟನೇ ಕಾಲೇಜೋ?" ಎಂದು ಕುಟುಕಿದಳು.

"ನಾಲ್ಕನೇದು."

"ಹಳೇ ಜೆರ್ಸಿಗಳನ್ನ ಇಡೋಕೆ ಬೇರೆ ಮನೆ ಮಾಡಿದೀಯಾ ಹೇಗೆ?"

"ಮಾರ್ಲಿ, ಒಂದು ನಿಮಿಷ..."

"ಬಾಯ್ಮುಚ್ಕೊಂಡು ಕೂತ್ಕೋ! ಕತ್ತರಿ ಕೈಯಲ್ಲಿದೆ."

ಹೊರಗಿನ ಗ್ಯಾಲರಿಯಿಂದ "ದ್ರೋಹಿ! ದ್ರೋಹಿ!" ಎಂಬ ಕೂಗು ಕೇಳಿಬಂತು. ಡೆಸ್ಮಂಡ್ ತಲೆ ತಗ್ಗಿಸಿದ.

"ಹೋಗೋಕೆ ಅಂತ ಹೆಸರು ಹಾಕಿದ್ದಲ್ಲ. ಕೋಚ್ ನನ್ನ ಜಾಗಕ್ಕೆ ಬೇರೆಯವನನ್ನ ತರ್ತಾರೆ ಅಂತ ಕೇಳಿದ್ದೆ. ಬೇರೆ ಕಾಲೇಜಿನವರು ನನ್ನ ಕರೆದ್ರೆ ಕೋಚ್ ಹೆದರಿ ಉಳಿಸ್ಕೋತಾರೆ ಅಂದ್ಕೊಂಡೆ. ಒಂದೇ ಗಂಟೇಲಿ ನನ್ನ ಲಾಕರ್ ಖಾಲಿ ಮಾಡಿ ಶೂನ ಕಸದ ಚೀಲಕ್ಕೆ ತುಂಬಿದ್ರು! ಸ್ಕಾಲರ್‌ಶಿಪ್ಪೂ ಹೋಯ್ತು. ಹೆಸರು ವಾಪಸ್ ತಗೋತೀನಿ ಅಂದ್ರೆ, 'ಬಾಗಿಲು ತೆಗೆದವನು ನೀನೇ' ಅಂದ್ರು. ನಿನಗೆ ಹದಿನೇಳು ಸಲ ಫೋನ್ ಮಾಡ್ದೆ..."

"ಹಿಂದಿನ ದಿನ ಹೇಳ್ಬಹುದಿತ್ತಲ್ಲ!" ಅವಳು ಟೇಪನ್ನು ಜಗ್ಗಿ ಎಳೆದಳು. "ನಿನ್ನ ಕಾಲು ನನ್ನ ಕೈಯಲ್ಲೇ ಇತ್ತು!"

"ನೀನು ಬೇಡ ಅಂತಿದ್ದೆ."

"ಹೌದು, ಅಂತಿದ್ದೆ!"

"ನೀನಂದಿದ್ರೆ ನಾನು ಕೇಳಿಬಿಡ್ತಿದ್ದೆ. ಅದಕ್ಕೇ ಹೇಳಲಿಲ್ಲ... ತಪ್ಪು ನನ್ನದೇ."

ಅವನು ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಬೈದು ಕಳಿಸಬಹುದಿತ್ತು. ಅವಳಿಗೆ ಸಿಟ್ಟು, ಅಳು ಒಟ್ಟಿಗೇ ಉಕ್ಕಿ ಬಂದವು.

"ಮೂರು ಕಾಲೇಜಲ್ಲೂ ಬಾಯಿಬಿಟ್ಟು ಕೇಳಿದೀನಿ," ಡೆಸ್ಮಂಡ್ ಮೆಲ್ಲನೆ ಹೇಳಿದ. "ನಿನ್ನ ಹಾಗೆ ಈ ಹಿಮ್ಮಡಿಗೆ ಎರಡು ಸುತ್ತು ಯಾರೂ ಹಾಕ್ಲಿಲ್ಲ."

ಮಾರ್ಲಿ ಕೆಳಗೆ ನೋಡಿದಳು. ಅವಳ ಕೈ ಅವಳನ್ನು ಕೇಳದೆ ಎರಡು ಸುತ್ತು ಹಾಕಿ ಮುಗಿಸಿತ್ತು.

"ಅಭ್ಯಾಸ ಅಷ್ಟೇ. ಎದ್ದು ಹೋಗು!"

ಅವನು ಚೆಂಡು ಮುಟ್ಟಿದಾಗಲೆಲ್ಲ ಜನ ಛೀಮಾರಿ ಹಾಕಿದರು. ಆರು ಅಂಕಗಳಿಂದ ಅವನ ತಂಡ ಸೋತಿತು. ಟೇಪು ಬಿಚ್ಚಿಸಿಕೊಳ್ಳಲು ಅವನು ಮತ್ತೆ ಅದೇ ಮೇಜಿಗೆ ಬಂದ.

"ಮುಂದೆ ಯಾವ ಕಾಲೇಜು, ಮಹಾರಾಯ?"

"ಇದೇ."

ಕತ್ತರಿ ನಿಂತಿತು. "ನಮ್ಮ ತಂಡದಲ್ಲಿ ನಿನಗೆ ಜಾಗ ಇಲ್ಲ."

"ತಂಡ ಯಾರಿಗೆ ಬೇಕು? ಕಾಲೇಜಿಗೆ ಆಡೋ ನನ್ನ ಅವಧಿ ಇವತ್ತಿಗೆ ಮುಗೀತು. ಒಂದು ಕಡೆ ಓದಿದ್ದನ್ನ ಇನ್ನೊಂದು ಕಡೆ ಒಪ್ಪಲ್ಲ, ಡಿಗ್ರಿ ಅರ್ಧಕ್ಕೇ ನಿಂತಿದೆ. ಜೂನ್‌ನಲ್ಲಿ ಇಲ್ಲೇ ಸೇರ್ತೀನಿ, ಬರೀ ಓದೋಕೆ. ಮತ್ತೆ... ನಿನ್ನನ್ನ ಪ್ರೀತಿಸ್ತೀನಿ, ಮಾರ್ಲಿ. ಅವತ್ತೂ ಪ್ರೀತಿಸ್ತಿದ್ದೆ."

ಮಾರ್ಲಿಯ ಕಣ್ಣು ತುಂಬಿತು. ಅವನ ಪಾದ ಇನ್ನೂ ಅವಳ ಅಂಗೈಯಲ್ಲೇ ಇತ್ತು. ಅವಳು ಅದನ್ನು ಬಿಡಲಿಲ್ಲ.

"ಮತ್ತೆ ಹೋಗ್ಬೇಕು ಅನ್ಸಿದ್ರೆ ಮೊದಲು ಯಾರಿಗೆ ಹೇಳ್ತೀಯ?"

"ನಾನು ಹೋಗೋದೇ ಇಲ್ಲ."

"ನಾನು ಕೇಳಿದ್ದು ಅದಲ್ಲ ಕಣೋ!"

ಅವನು ಅವಳ ಕೈ ಹಿಡಿದ. "ನಿನಗೆ. ಮೊದಲು ನಿನಗೇ."