ಒಳಮಗ್ಗುಲ ಕೆಂಪು ಹೊಲಿಗೆ

"ಈ ಒಂಬತ್ತನ್ನ ಬಿಚ್ಚಿ ಬಿಸಾಕಮ್ಮ. ಇದನ್ನ ಹಾಕ್ಕೊಂಡು ಬೀದೀಲಿ ಓಡಾಡೋಕೂ ನಾಚಿಕೆ ಆಗುತ್ತೆ."

ಪಕ್ಕದ ಬೇಕರಿಯವರು ತಮ್ಮ ಹಳದಿ ಜೆರ್ಸಿಯನ್ನು ಕೌಂಟರಿನ ಮೇಲೆ ಎಸೆದರು. ಬಾಸ್ಕೆಟ್‌ಬಾಲ್ ಕ್ರೀಡಾಂಗಣದ ಎದುರಿನ ಆ ಪುಟ್ಟ ಹೊಲಿಗೆ ಅಂಗಡಿಯಲ್ಲಿ ಅವಳು ಆ ವಾರ ಬಿಚ್ಚಬೇಕಿದ್ದ ಏಳನೆಯ ಒಂಬತ್ತು ಅದು. ಹನ್ನೊಂದು ವರ್ಷ ಇದೇ ಜನ ಇದೇ ಕೌಂಟರಿನ ಮುಂದೆ ಸಾಲು ನಿಂತು ಬೆನ್ನಿಗೆ ತಮ್ಮ ಮೆಚ್ಚಿನ ಆಟಗಾರನ ಅಂಕಿ ಒಂಬತ್ತು ಹೊಲಿಸಿಕೊಂಡು ಹೋಗಿದ್ದರು. ಆಗ ಹೊಲಿಯುತ್ತಿದ್ದುದು ಅವಳ ಅಮ್ಮ. ಈಗ ಅಮ್ಮ ಇಲ್ಲ. ಬಿಚ್ಚುವ ಕೆಲಸ ಮಗಳ ಪಾಲಿಗೆ ಬಂದಿತ್ತು.

"ತಪ್ಪು ಒಂಬತ್ತರದ್ದಲ್ಲ ಕಣ್ರೀ, ಕೋಚ್‌ದು," ಎಂದ ಅವಳ ಸೋದರಮಾವ. ಅದೇ ಅಂಗಡಿಯ ಮೂಲೆಯಲ್ಲಿ ಕೂತು ಬೀಗದ ಕೈ ಮಾಡುವುದು ಅವನ ಕಸುಬು. ತಂಡದ ಬಗ್ಗೆ ವಾದ ಮಾಡುವುದು ಅವನ ಬದುಕು. "ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ. ಹುಡುಗರು ಒಂದು ಕಡೆ, ಕೋಚ್ ಇನ್ನೊಂದು ಕಡೆ."

"ಹದಿಮೂರು ಆಟ, ಹನ್ನೊಂದು ಸೋಲು. ಕೋಚ್ ಏನು ಕೋರ್ಟಿಗಿಳಿದು ಹಾರ್ತಾನಾ? ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಒಂಬತ್ತರ ಕಾಲಲ್ಲಿ ಕಸುವಿಲ್ಲ, ಅಷ್ಟೇ," ಎಂದರು ಬೇಕರಿಯವರು.

"ಸರಿಯಾಗಿ ಹೇಳಿದ್ರಿ. ಎರಡು ವರ್ಷದ ಹಿಂದೇನೇ ನಿಲ್ಲಿಸ್ಬೇಕಿತ್ತು ಅವನು."

ಬಾಗಿಲಿನಿಂದ ಬಂದ ಮಾತಿಗೆ ಮೂವರೂ ತಿರುಗಿದರು. ತಲೆ ತಾಗದಂತೆ ಬಗ್ಗಿ ನಿಂತಿದ್ದ ಆ ಮನುಷ್ಯನನ್ನು ಊರಲ್ಲಿ ಗುರುತಿಸದವರಿಲ್ಲ. ಹೆಸರು ಹಿಡಿದು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಒಂಬತ್ತು.

ಬೇಕರಿಯವರಿಗೆ ಒಲೆಯ ಮೇಲಿಟ್ಟದ್ದು ಏನೋ ನೆನಪಾಯಿತು. ಮಾವನಿಗೆ ಇದ್ದಕ್ಕಿದ್ದಂತೆ ಟೀ ಬೇಕೆನಿಸಿತು. ಎರಡು ನಿಮಿಷದಲ್ಲಿ ಅಂಗಡಿ ಖಾಲಿ. ಅವಳ ಕೈಯಲ್ಲಿ ಅರ್ಧ ಬಿಚ್ಚಿದ ಒಂಬತ್ತು ಹಾಗೇ ನೇತಾಡುತ್ತಿತ್ತು.

'ದೇವರೇ, ಇದನ್ನೆಲ್ಲಿ ಬಚ್ಚಿಡಲಿ...'

"ಪರವಾಗಿಲ್ಲ, ಬಿಚ್ಚಿ. ನಾನು ಕಾಯ್ತೀನಿ," ಎಂದು ಅವನು ನಕ್ಕ. ಆ ನಗು ಕಣ್ಣಿನವರೆಗೆ ಹೋಗಲಿಲ್ಲ. ಆಮೇಲೆ ಕಾಗದದ ಚೀಲದಿಂದ ದಪ್ಪ ಬಟ್ಟೆಯ ಮಂಡಿ ಪಟ್ಟಿಯೊಂದನ್ನು ತೆಗೆದಿಟ್ಟ. "ಇದು ಕುಗ್ಗಿಬಿಟ್ಟಿದೆ. ಸ್ವಲ್ಪ ಸಡಿಲ ಮಾಡ್ಕೊಡ್ತೀರಾ?"

ಅವಳು ಪಟ್ಟಿಯನ್ನು ಹಿಗ್ಗಿಸಿ ನೋಡಿದಳು. ಬಟ್ಟೆ ಕುಗ್ಗಿದರೆ ಹೇಗಿರುತ್ತದೆ ಎಂದು ಹೊಲಿಯುವವಳಿಗೆ ಗೊತ್ತಿರುವುದಿಲ್ಲವೇ?

"ಪಟ್ಟಿ ಕುಗ್ಗಿಲ್ಲ," ಎಂದಳು ಮೆಲ್ಲಗೆ. "ಮಂಡಿ ಊದಿದೆ."

ಅವನು ಒಮ್ಮೆ ಬಾಗಿಲ ಕಡೆ ನೋಡಿದ. "ಈ ಸೀಸನ್ ಮುಗಿಯೋವರೆಗೆ ಯಾರಿಗೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ಮುಂದಿನ ವರ್ಷ ಯಾವ ತಂಡಾನೂ ತಗೊಳ್ಳಲ್ಲ. ಆಟ ಬಿಟ್ರೆ ನಂಗೆ ಬೇರೇನೂ ಬರಲ್ಲ. ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ತೀರಾ?"

ಅವಳು ಮಾತು ಕೊಟ್ಟಳು.

ಅಂದಿನಿಂದ ಎರಡು ವಾರಕ್ಕೊಮ್ಮೆ, ಮಂಗಳವಾರ, ಮಾವ ಊಟಕ್ಕೆ ಹೋದ ಹೊತ್ತಿಗೆ ಅವನು ಬರುತ್ತಿದ್ದ. ಪುಟ್ಟ ಸ್ಟೂಲಿನ ಮೇಲೆ ಕೂತರೆ ಅವನ ಮಂಡಿಗಳು ಎದೆಯವರೆಗೆ ಬರುತ್ತಿದ್ದವು. ಅವಳು ನೆಲದ ಮೇಲೆ ಕೂತು ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಳು. ಪ್ರತಿ ಸಲ ಬೆರಳಗಲ ಹೆಚ್ಚು. ಅವನು ನೋವೆಂದು ಒಮ್ಮೆಯೂ ಹೇಳಲಿಲ್ಲ. ಅವಳ ಕೈ ತಾಗಿದಾಗ ಉಸಿರು ಬಿಗಿ ಹಿಡಿಯುತ್ತಿದ್ದ, ಅಷ್ಟೇ. ಅವಳೂ ಹಿಡಿಯುತ್ತಿದ್ದಳು. ಅವಳದು ನೋವಿಗಲ್ಲ.

"ಇವತ್ತು ನಿಮ್ಮ ಮಾವ ನನ್ನ ಬಗ್ಗೆ ಏನಂದ್ರು?" ಎಂದು ಕೇಳುತ್ತಿದ್ದ, ಗುಂಡಿಗಳ ಡಬ್ಬಿಯನ್ನು ಮುಂದಿಟ್ಟುಕೊಂಡು ಬಣ್ಣ ಬಣ್ಣ ಬೇರೆ ಮಾಡುತ್ತಾ.

"ಮಾವ ನಿಮ್ಮ ವಕೀಲರು. ಕೋಚ್‌ಗೆ ಆಟ ಅಂದ್ರೆ ಏನಂತ ಗೊತ್ತಿಲ್ಲ ಅಂದ್ರು."

"ಬೇಕರಿಯವರು?"

"ನೀವು ಹಾರೋದಕ್ಕಿಂತ ಅವರ ಬನ್ನು ಚೆನ್ನಾಗಿ ಉಬ್ಬುತ್ತಂತೆ."

ಅವನು ನಗುತ್ತಿದ್ದ. ಈ ನಗು ಕಣ್ಣಿನವರೆಗೆ ಹೋಗುತ್ತಿತ್ತು. ಎರಡು ವಾರದಲ್ಲಿ ಅವಳಿಗಿದ್ದ ಸಂತೋಷ ಅದೊಂದೇ. ಅದು ಪ್ರೀತಿಯೆಂದು ಮೂರನೆಯ ಮಂಗಳವಾರವೇ ಅವಳಿಗೆ ಗೊತ್ತಾಗಿತ್ತು. ಹೇಳುವ ಧೈರ್ಯ ಐದನೆಯ ಮಂಗಳವಾರವೂ ಬರಲಿಲ್ಲ.

ಪ್ರತಿ ಸಲ ಸಡಿಲಿಸಿದ ಮೇಲೆ ಅವಳು ಪಟ್ಟಿಯ ಒಳಮಗ್ಗುಲಿಗೆ ಕೆಂಪು ದಾರದ ಒಂದೇ ಒಂದು ಹೊಲಿಗೆ ಹಾಕುತ್ತಿದ್ದಳು. ಅದು ಅಮ್ಮ ಕಲಿಸಿದ ಪಾಠ. ಒಂದು ಬಟ್ಟೆಯನ್ನು ಎಷ್ಟು ಸಲ ಬಿಚ್ಚಿ ಸಡಿಲಿಸಿದೆ ಎಂದು ಮುಂದೆ ಹೊಲಿಯುವವರಿಗೆ ತಿಳಿಯಬೇಕು. 'ಬಿಚ್ಚಿದ್ದನ್ನ ಮುಚ್ಚಿಡಬಾರದು ಮಗಳೇ' ಎನ್ನುತ್ತಿದ್ದಳು ಅಮ್ಮ. ಐದು ಸಲ ಸಡಿಲ, ಐದು ಕೆಂಪು ಹೊಲಿಗೆ. ಅವನಿಗೆ ಅದನ್ನು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಆಮೇಲೆ ಕೋಚ್ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಒಂದು ಆಟವಲ್ಲ, ಸಾಲಾಗಿ ಮೂರು. ಮೂರರಲ್ಲೂ ತಂಡ ಸೋತಿತು. ಊರಿಗೆ ಊರೇ ತಿರುಗಿಬಿತ್ತು. ಮೊನ್ನೆ ಒಂಬತ್ತನ್ನು ಬಿಚ್ಚಿಸಿದವರೇ ಇಂದು ಒಂಬತ್ತು ಬೇಕು ಎಂದರು. ಕೋಚ್‌ಗೆ ಹೊಟ್ಟೆಕಿಚ್ಚು ಎಂದರು.

ಆ ಮಂಗಳವಾರ ಅವನು ಬಂದ. ಕೂರಲಿಲ್ಲ.

"ನೀವು ಹೇಳಿದ್ರಿ."

"ಏನನ್ನ?"

"ಕೋಚ್‌ಗೆ ಎಲ್ಲಾ ಗೊತ್ತು. ಐದು ಸಲ ಸಡಿಲ ಮಾಡಿಸಿದ್ದೂ ಗೊತ್ತು. ಗೊತ್ತಿದ್ದಿದ್ದು ಇಬ್ಬರಿಗೆ. ನಾನು ಹೇಳಿಲ್ಲ."

"ನಾನೂ ಹೇಳಿಲ್ಲ. ಅಮ್ಮನಾಣೆ..."

"ಬೇಡ. ಹೋದವರ ಮೇಲೆ ಆಣೆ ಬೇಡ." ಅವನ ದನಿ ಏರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. "ಈ ಊರಲ್ಲಿ ಒಂದು ಕಡೆ ಮಾತ್ರ ನಾನು ಧೈರ್ಯವಾಗಿ ಕೂತಿದ್ದೆ. ಈ ಸ್ಟೂಲಿನ ಮೇಲೆ."

ಅವನು ಕುಂಟು ಕಾಣದಂತೆ ನಡೆಯಲು ಹೆಣಗುತ್ತಾ ರಸ್ತೆ ದಾಟುವುದನ್ನು ಅವಳು ಕಣ್ಣು ತುಂಬಿಕೊಂಡು ನೋಡಿದಳು. ಗುಂಡಿಗಳ ಡಬ್ಬಿಯಲ್ಲಿ ನೀಲಿಯವು ಇನ್ನೂ ಬೇರೆಯಾಗದೇ ಉಳಿದಿದ್ದವು.

ಮರುದಿನ ಮಾವ ಅದೇ ಕೌಂಟರಿನ ಮೇಲೆ ಅರ್ಜಿಯೊಂದನ್ನು ಹರಡಿದ. ಕೋಚ್‌ನನ್ನು ತೆಗೆಯಿರಿ ಎಂದು ಕ್ಲಬ್ಬಿಗೆ ಅರ್ಜಿ. ಬಂದ ಗಿರಾಕಿಗಳೆಲ್ಲ ಸಹಿ ಹಾಕಿದರು.

"ನೀನೂ ಒಂದು ಸಹಿ ಹಾಕೇ ಪುಟ್ಟೀ."

"ಬೇಡ ಮಾವ."

"ಯಾಕೆ? ಆ ಕೋಚ್ ನಿಂಗೇನು ನೆಂಟನಾ?"

ಅವಳು ಅರ್ಜಿಯನ್ನು ಮಾವನ ಕಡೆ ಸರಿಸಿದಳು. ಒಂದು ಮಾತು ಆಡಿದ್ದರೆ ಆ ಕಾಗದ ಅಲ್ಲೇ ಹರಿಯುತ್ತಿತ್ತು. ಆಡಿದ್ದರೆ ಹೇಳಿದ್ದು ಅವಳೇ ಎಂಬ ಒಂಬತ್ತರ ಅನುಮಾನ ನಿಜವಾಗುತ್ತಿತ್ತು. ಅವಳು ಕೊಟ್ಟ ಮಾತನ್ನು ಉಳಿಸಿಕೊಂಡಳು, ಕೋಚ್ ಕೆಲಸ ಕಳೆದುಕೊಂಡರು.

ಮುಂದಿನ ವಾರ ಗುರುವಾರ ಕೋಚ್ ಅಂಗಡಿಗೆ ಬಂದರು. ಅರವತ್ತು ದಾಟಿದ, ಸಣ್ಣ ದನಿಯ ಮನುಷ್ಯ. ಕೋಟಿನ ಎದೆಯ ಮೇಲಿದ್ದ ತಂಡದ ಗುರುತನ್ನು ಬಿಚ್ಚಿಸಬೇಕಿತ್ತು.

"ಇರೋದೊಂದೇ ಒಳ್ಳೇ ಕೋಟು ಅಮ್ಮ. ಬೇರೆ ಕಡೆ ಕೆಲಸ ಕೇಳೋಕೆ ಹೋಗ್ಬೇಕಲ್ಲ." ಅವಳು ಸೂಜಿ ಹಿಡಿದಾಗ ಅವರು ಕೆಂಪು ದಾರದ ಉಂಡೆಯನ್ನು ನೋಡಿ ನಸುನಕ್ಕರು. "ನಿನ್ನ ಕೈ ಕೆಲಸ ಅಚ್ಚುಕಟ್ಟು. ಐದೂ ಒಂದೇ ಅಳತೆ."

ಅವಳ ಕೈ ನಿಂತಿತು.

"ನಮ್ಮಮ್ಮನೂ ಹೊಲೀತಿದ್ರು. ಕೆಂಪು ಹೊಲಿಗೆ ಎಣಿಸಿ ಹೇಳೋದು ಚಿಕ್ಕಂದಿನಲ್ಲಿ ನನ್ನ ಕೆಲಸ. ಅವನ ಮಂಡಿ ಪಟ್ಟಿ ಬೆಂಚಿನ ಮೇಲೆ ಒಳಮಗ್ಗುಲಾಗಿ ಒಣಗ್ತಿತ್ತು. ಎಣಿಸ್ದೆ. ಬಲವಂತವಾಗಿ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ಇನ್ನೊಂದು ಸಲ ಬಿದ್ರೆ ಆ ಕಾಲು ಮುಗೀತು ಅಂದ್ರು."

"ಇದನ್ನ ನೀವು ಜನಕ್ಕೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಅವನ ಅನ್ನ ಹೋಗುತ್ತೆ. ನಂದು ಹೇಗೂ ಮುಗಿದ ಕಥೆ." ಕೋಟು ತೊಟ್ಟುಕೊಳ್ಳುತ್ತಾ ಅವರು ಹೇಳಿದರು. "ಶನಿವಾರ ಕಡೇ ಆಟ. ಸೋತ್ರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತೆ. ಹೊಸ ಕೋಚ್ ಅವನನ್ನ ಆಡಿಸ್ತಾನೆ. ನನ್ನ ಮಾತು ಈಗ ನಡೆಯಲ್ಲಮ್ಮ."

'ಹಾಗಾದರೆ... ಹೇಳಿದ್ದು ನಾನೇ.'

ಅವಳು ಅಂಗಡಿಯನ್ನು ಮಾವನಿಗೆ ಬಿಟ್ಟು ಒಂಬತ್ತರ ಬಾಡಿಗೆ ರೂಮಿಗೆ ಓಡಿದಳು. ಅವನು ಮಂಡಿಯ ಮೇಲೆ ಐಸ್ ಇಟ್ಟುಕೊಂಡು ಕೂತಿದ್ದ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು.

"ನಾನೇ ಹೇಳಿದ್ದು. ಬಾಯಲ್ಲಲ್ಲ, ಕೆಂಪು ದಾರದಲ್ಲಿ. ಬಿಚ್ಚಿದ್ದನ್ನ ಮುಚ್ಚಿಡಬಾರದು ಅಂತ ಅಮ್ಮ ಕಲಿಸಿದ್ರು. ನಿಮಗೆ ಮೊದಲೇ ತಿಳಿಸ್ಬೇಕಿತ್ತು. ಅದು ನನಗೆ ಉಸಿರಾಡೋ ಹಾಗೆ... ಹೊಳೀಲೇ ಇಲ್ಲ."

ಅವನು ಐಸನ್ನು ಪಕ್ಕಕ್ಕಿಟ್ಟ. ಆಮೇಲೆ ಪಟ್ಟಿಯನ್ನು ಮುಂದೆ ಚಾಚಿದ. "ಆರನೇ ಸಲ ಸಡಿಲ ಮಾಡ್ಕೊಡಿ. ಶನಿವಾರ ಆಡ್ತೀನಿ."

"ಮಾಡಲ್ಲ."

"ಒಳಗೆ ಇನ್ನೂ ಬೆರಳಗಲ ಬಟ್ಟೆ ಇದೆ."

"ಇದೆ. ನನ್ನ ಕೈಯಾರೆ ಬಿಚ್ಚಲ್ಲ."

"ಊರು ಕರೀತಿದೆ."

"ಆ ಊರು ಬಿಚ್ಚಿಸಿದ ಒಂಬತ್ತುಗಳು ನನ್ನ ಹತ್ರ ನಲವತ್ತೊಂದಿವೆ," ಎಂದಳು. "ಬಿಸಾಕಿ ಅಂದ್ರು. ಒಂದನ್ನೂ ಬಿಸಾಕೋಕೆ ನನ್ನ ಕೈಲಾಗ್ಲಿಲ್ಲ. ಯಾಕೆ ಅಂತ ನೀವು ಕೇಳೋದೂ ಇಲ್ಲ."

ಅವನು ಕೇಳಲಿಲ್ಲ. ಎದ್ದು ಬಂದು ಬಾಗಿಲು ಹಾಕಿಕೊಂಡ.

ಶನಿವಾರ ಸಂಜೆ ಅವಳು ಆಟಕ್ಕೆ ಹೋಗಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲ. ರಸ್ತೆಯ ಆಚೆಯಿಂದ ಸಾವಿರಾರು ಗಂಟಲು ಒಟ್ಟಿಗೆ ಕೂಗುವುದು ಅಂಗಡಿಯೊಳಗೆ ಕೇಳುತ್ತಿತ್ತು. ಒಂ-ಬ-ತ್ತು... ಒಂ-ಬ-ತ್ತು...

ಆಮೇಲೆ ಒಮ್ಮೆಲೇ ಎಲ್ಲ ನಿಂತಿತು.

ಅವಳು ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬಂದಳು. ಆ ಮೌನ ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಮಾವನೂ ಬಂದ. ತಂಡ ಸೋತು ಕೆಳಗಿಳಿದಿತ್ತು. ಒಂಬತ್ತು ಬೀಳುವ ಮುನ್ನ ಆಡಿದ್ದು ನಾಲ್ಕು ನಿಮಿಷ. ಇನ್ನು ನಡೆಯಬಹುದು, ಕುಂಟು ಉಳಿಯುತ್ತದೆ, ಓಡುವ ಹಾಗಿಲ್ಲ ಎಂದರು ಡಾಕ್ಟರು.

"ನಮ್ಮ ಕೋಚ್ ತಪ್ಪು ಮಾಡ್ಲಿಲ್ಲ," ಎಂದ ಅವನು ಮಲಗಿದಲ್ಲಿಂದಲೇ, ಮಾವನನ್ನು ನೋಡಿ. "ಎಲ್ಲಾ ಗೊತ್ತಿದ್ದೇ ನನ್ನ ಕೂರಿಸಿದ್ರು. ನಾನು ಬಾಯಿ ಮುಚ್ಕೊಂಡಿದ್ದೆ. ಈಗ ಎಲ್ಲರಿಗೂ ಹೇಳಿ."

"ಸಹಿ ಹಾಕಿಸಿದ್ದು ನಾನೇ ಕಣಪ್ಪ," ಎಂದ ಮಾವ. ಫೋನು ಹಿಡಿದು ಹೊರಗೆ ಹೋದ. ಕ್ಲಬ್ಬಿನವರು ಅವನ ಮಾತನ್ನು ಕೇಳಿಸಿಕೊಂಡರು, ಅಷ್ಟೇ. ಕೋಚ್ ಆಗಲೇ ಊರು ಬಿಟ್ಟಾಗಿತ್ತು.

ನರ್ಸು ಅವನ ಸಾಮಾನಿನ ಚೀಲವನ್ನು ಅವಳ ಕೈಗಿತ್ತಳು. ಮೇಲೆಯೇ ಮಂಡಿ ಪಟ್ಟಿ ಇತ್ತು. ಕಾಲಿನಿಂದ ತೆಗೆಯಲು ಕತ್ತರಿಯಿಂದ ನೀಳವಾಗಿ ಕತ್ತರಿಸಿದ್ದರು. ಅವಳು ರೂಢಿಯಂತೆ ಒಳಮಗ್ಗುಲನ್ನು ಹೊರಳಿಸಿದಳು.

ಒಂದು, ಎರಡು, ಮೂರು, ನಾಲ್ಕು, ಐದು.

ಆರು.

ಆರನೆಯದು ಸೊಟ್ಟಗಿತ್ತು, ಬೇರೆಯವುಗಳ ಎರಡರಷ್ಟು ಉದ್ದವಿತ್ತು. ಸಾಕ್ಸಿನ ಅಂಚಿನಿಂದ ಎಳೆದ ಕೆಂಪು ದಾರ.

"ಇದು..."

"ನಾನೇ," ಎಂದ ಅವನು. "ಶನಿವಾರ ಬೆಳಿಗ್ಗೆ ನಾನೇ ಬಿಚ್ಚಿ ಸಡಿಲ ಮಾಡ್ಕೊಂಡೆ. ಎರಡು ಸಲ ಬೆರಳಿಗೆ ಚುಚ್ತು."

"ಸಡಿಲ ಮಾಡ್ಕೊಂಡ್ರಿ ಸರಿ. ಗುರುತು ಯಾಕೆ ಹಾಕಿದ್ರಿ? ನೋಡೋಕೆ ಕೋಚ್ ಇರ್ಲಿಲ್ಲ."

"ನೀವಿದ್ರಲ್ಲ." ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿದ ರೆಪ್ಪೆಯ ಅಂಚು ಒದ್ದೆಯಾಗಿತ್ತು. "ನಿಮ್ಮನ್ನ ಹೊರಗೆ ಹಾಕಿ ಬಾಗಿಲು ಮುಚ್ದೆ. ತೆಗೆದು ಕರಿಯೋಕೆ ಮುಖ ಇರ್ಲಿಲ್ಲ. ಏನಾದ್ರೂ ಆದ್ರೆ ಇದು ನಿಮ್ಮ ಕೈಗೇ ಬರುತ್ತೆ, ನೀವು ಒಳಮಗ್ಗುಲು ನೋಡೇ ನೋಡ್ತೀರಿ ಅಂತ ಗೊತ್ತಿತ್ತು. ನಾನು ನಿಮ್ಮನ್ನ ನಂಬಿದ್ದೀನಿ ಅಂತ ಬೇರೆ ಹೇಗೆ ಹೇಳ್ಲಿ?"

ಅವಳು ಪಟ್ಟಿಯನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅವಳ ಕೈಗಾಗಿ ತಡಕಾಡಿದ. ಸಿಕ್ಕಿತು.

"ನಲವತ್ತೊಂದು ಒಂಬತ್ತನ್ನ ಯಾಕೆ ಇಟ್ಕೊಂಡಿದ್ದೀರಿ? ಅವತ್ತು ಕೇಳ್ಲಿಲ್ಲ. ಈಗ ಕೇಳ್ತಿದ್ದೀನಿ."

"ನಿಮ್ಮನ್ನ ಪ್ರೀತಿಸ್ತೀನಿ, ಅದಕ್ಕೆ."

"ಇನ್ನು ಒಂಬತ್ತು ಇಲ್ಲ. ಕುಂಟ ಒಬ್ಬ ಇದ್ದಾನೆ. ಕೆಲಸ ಇಲ್ಲ, ತಂಡ ಇಲ್ಲ. ಮುಂದೆ ಏನು ಅಂತ ನಂಗೇ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ನೀಲಿ ಗುಂಡಿ ಮಾತ್ರ ಹಾಗೇ ಬಿದ್ದಿವೆ. ಬೇರೆ ಮಾಡೋರಿಲ್ಲ."

ಅವನ ತುಟಿಯಂಚಿನಲ್ಲಿ ನಗುವೊಂದು ಮೂಡಿ, ನಿಧಾನವಾಗಿ ಕಣ್ಣಿನವರೆಗೆ ಹೋಯಿತು.

"ಆರನೇದು ಚೆನ್ನಾಗಿದೆಯಾ?"

"ಡೊಂಕಾಗಿದೆ."

"ಹಾಗಾದ್ರೆ ಬಿಚ್ಚಿ ಸರಿಯಾಗಿ ಹಾಕಿ."

"ಇಲ್ಲ," ಎಂದಳು ಅವಳು, ಆ ಸೊಟ್ಟ ಹೊಲಿಗೆಯ ಮೇಲೆ ಬೆರಳಿಟ್ಟು. "ಇದೊಂದನ್ನ ನಾನು ಬಿಚ್ಚಲ್ಲ."