ಭಾನುವಾರ ಕೊಲ್ಲಿ ದಾಟಿದ ದೋಣಿ

ನಮ್ಮ ಹ್ಯಾರಿಸ್ ದ್ವೀಪದ ಭಾನುವಾರದಷ್ಟು ಮೌನ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಅದು ದೇವರ ದಿನ, ಅವತ್ತು ಕೆಲಸವೆಂದರೆ ಪಾಪ: ಬಟ್ಟೆ ಒಣಹಾಕುವವರಿಲ್ಲ, ಬಲೆ ಮುಟ್ಟುವವರಿಲ್ಲ, ಬೆಕ್ಕುಗಳೂ ಇಲಿಬೇಟೆಯನ್ನು ಸೋಮವಾರಕ್ಕೆ ಮುಂದೂಡುತ್ತವೆ. ಈ ಮಾತಿನಲ್ಲಿ ಒಂದು ಹರಳು ಉಪ್ಪೂ ಹೆಚ್ಚಿಲ್ಲ!

ಅಂಥ ಭಾನುವಾರ, ಜನ ಚರ್ಚಿನಿಂದ ಹೊರಬರುತ್ತಿದ್ದ ಹೊತ್ತಿಗೆ, ಕೊಲ್ಲಿಯಲ್ಲಿ ಇಂಜಿನ್ ಗುಡುಗಿತು.

ಗುಡ್ಡದ ಮೇಲಿನ ಸಾವಿರ ಕುರಿಗಳೂ ತಲೆಯೆತ್ತಿದವು. ಶೋನಗ್ ಒಬ್ಬಳು ತಲೆ ತಗ್ಗಿಸಿದಳು.

ಅದು ಟಾರ್ಕಿಲ್‌ನ ದೋಣಿ, ಲಂಗರು ಎತ್ತಿ ಕೊಲ್ಲಿ ದಾಟುತ್ತಿತ್ತು...

ಸ್ಕೈ ದ್ವೀಪದಿಂದ ಬಂದವನು ಟಾರ್ಕಿಲ್. ಹಳೆಯ ಮೀನುದೋಣಿಗೆ ಹಾಸಿಗೆ, ಒಲೆ ಜೋಡಿಸಿ, ಬಾಡಿಗೆಗೆ ಹಿಡಿದವರನ್ನಷ್ಟೇ ಹತ್ತಿಸಿಕೊಂಡು, ದಿನಗಟ್ಟಲೆ ನಿರ್ಜನ ದ್ವೀಪಗಳನ್ನು ಸುತ್ತಿ ಪಫಿನ್ ಹಕ್ಕಿ, ಸೀಲ್, ತಿಮಿಂಗಿಲ ತೋರಿಸುವುದು ಅವನ ಕಸುಬು. ಭಾನುವಾರ ಲಂಗರು ಎತ್ತುವುದಿಲ್ಲವೆಂದು ಮಾತು ಕೊಟ್ಟ ಮೇಲೆಯೇ ಊರು ಅವನಿಗೆ ದಕ್ಕೆಯಲ್ಲಿ ದೋಣಿ ಕಟ್ಟಲು ಜಾಗ ಬಿಟ್ಟಿದ್ದು. ಆ ಮಾತಿಗೆ ಊರಿನ ಮುಂದೆ ಹೊಣೆ ನಿಂತವಳು ಶೋನಗ್.

ಶೋನಗ್ ಏಡಿ ಹಿಡಿಯುವವಳು. ಸ್ವಂತ ದೋಣಿ, ಏಡಿ ಬೀಳಲೆಂದು ಹಗ್ಗ ಕಟ್ಟಿ ಕಡಲತಳಕ್ಕೆ ಇಳಿಸುವ ಸ್ವಂತ ಬುಟ್ಟಿಗಳು, ಹತ್ತು ಗಂಡಸರಿಗಾಗುವಷ್ಟು ಹಟ. ಅವಳ ಕಣ್ಣಿನ ನೀಲಿ ಕಂಡು ಅಟ್ಲಾಂಟಿಕ್ ಸಮುದ್ರವೇ ಹೊಟ್ಟೆಕಿಚ್ಚು ಪಟ್ಟಿದ್ದನ್ನು ನಾವೆಲ್ಲ ಬಲ್ಲೆವು. ಈ ಸಲದ ಸುತ್ತಾಟಕ್ಕೆ ಹೊರಡುವ ಮುಂಚೆ ಟಾರ್ಕಿಲ್ ಅವಳನ್ನು ಮದುವೆಗೆ ಕೇಳಿದ್ದ. ಬಂದ ಮೇಲೆ ಹೇಳುತ್ತೇನೆಂದು ಅವಳು ನಕ್ಕಿದ್ದಳು. ಆ ನಗುವಿನಲ್ಲಿ ಉತ್ತರ ಇತ್ತು.

ಈಗ ಆ ನಗು ಎಲ್ಲಿ ಹೋಯಿತೋ...

ದಕ್ಕೆಯ ಹಿರಿಯ ಫಿನ್ಲೆ ಟೋಪಿ ಸರಿಮಾಡಿಕೊಳ್ಳುತ್ತ ಅವಳ ಪಕ್ಕ ಬಂದ. "ನಿನ್ನ ಹುಡುಗ ಕಳಕೊಂಡಿದ್ದು ಗಡಿಯಾರಾನೋ, ದೇವರನ್ನೋ, ಶೋನಗ್?"

ಅವಳ ಕಿವಿಯ ತುದಿಯವರೆಗೆ ಬೆಂಕಿ ಏರಿತು. ಅವನಿಗಾಗಿ ಹೊಣೆ ನಿಂತೆನಲ್ಲ! ಇಡೀ ಊರಿನ ಎದುರು ಎಂಥ ಮೂರ್ಖಳಾದೆ!

ಸೋಮವಾರ ಟಾರ್ಕಿಲ್ ದಕ್ಕೆಗೆ ಬಂದಾಗ ಊರಿಗೆ ಊರೇ ಅಲ್ಲಿತ್ತು. ಏಕೆ ಹೊರಟೆ ಎಂದು ಫಿನ್ಲೆ ಕೇಳಿದ. ಅವಸರದ ಕೆಲಸವಿತ್ತು ಎಂದಷ್ಟೇ ಟಾರ್ಕಿಲ್ ಹೇಳಿದ. ಅವನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಕೋಪದಲ್ಲಿ ಶೋನಗ್ ಅದನ್ನು ನೋಡಲಿಲ್ಲ.

"ಗಿರಾಕಿಗಳಿಗೆ ತಿಮಿಂಗಿಲ ತೋರಿಸೋ ಅವಸರ ತಾನೇ?" ಎಂದಳು. "ದುಡ್ಡಿಗೆ ಭಾನುವಾರ ಮಾರಿದೋನು ನಾಳೆ ಹೆಂಡ್ತೀನೂ ಮಾರ್ತಾನೆ. ನೀನು ಕೇಳಿದ್ದಕ್ಕೆ ಇದೇ ನನ್ನ ಉತ್ತರ."

ಟಾರ್ಕಿಲ್ ಅವಳನ್ನೇ ನೋಡಿದ. ಏನೋ ಹೇಳಲು ಹೋಗಿ... ನುಂಗಿಕೊಂಡ.

ಮಧ್ಯಾಹ್ನ ಬಲೆಮನೆಯಲ್ಲಿ ಹಿರಿಯರು ಸೇರುವುದೆಂದೂ, ಅವನಿಗೆ ಕೊಟ್ಟ ಜಾಗ ಹಿಂದಕ್ಕೆ ಪಡೆಯುವುದೆಂದೂ ಮಾತಾಯಿತು. ಟಾರ್ಕಿಲ್ ಅದಕ್ಕೂ ಕಾಯದೆ ಸಾಮಾನು ಕಟ್ಟತೊಡಗಿದ.

ಶೋನಗ್ ತನ್ನ ಬುಟ್ಟಿಗಳ ಬಳಿ ಬಂದು ಕುಳಿತಳು. ಗೆದ್ದವಳಿಗೆ ಅಳು ಯಾಕೆ ಬರಬೇಕು?

ಟಾರ್ಕಿಲ್‌ನ ದೋಣಿಯನ್ನು ಬಾಡಿಗೆಗೆ ಹಿಡಿದಿದ್ದ ಗ್ಲಾಸ್ಗೋದ ಮುದುಕಿ ಮಿಸ್ ಗಿಲ್ಮೋರ್ ಬಸ್ಸಿಗೆ ಕಾಯುತ್ತ ಆ ಕಡೆಗೇ ಬಂದರು. ಬುಟ್ಟಿ ಎಲ್ಲಿದೆಯೆಂದು ತೋರಿಸಲು ಹಗ್ಗದ ತುದಿಗೆ ಕಟ್ಟುವ ತೇಲುಗುಂಡುಗಳ ರಾಶಿ ಕಂಡು ನಿಂತರು. ನಮ್ಮಲ್ಲಿ ಒಬ್ಬೊಬ್ಬರ ಗುಂಡಿಗೂ ಒಂದೊಂದು ಬಣ್ಣ. ಶೋನಗ್‌ಳದು ಹಳದಿ, ನಡುವೆ ಕಪ್ಪು ಪಟ್ಟಿ.

"ಇಂಥದೇ ಇತ್ತಲ್ಲಮ್ಮ ಅದರ ಬಾಲದಲ್ಲಿ," ಎಂದರು.

"ಯಾವುದರ ಬಾಲದಲ್ಲಿ?"

"ತಿಮಿಂಗಿಲದ ಮರಿ. ನಿನ್ನೆ ಕೊಲ್ಲಿಯ ಆಚೆ ಹಗ್ಗಕ್ಕೆ ಸಿಕ್ಕಿ ಮುಳುಗಿ ಏಳ್ತಿತ್ತು. ತಾಯಿ ಸುತ್ತ ಸುತ್ತ ಬರ್ತಿತ್ತು, ಪಾಪ. ಆ ಹುಡುಗ ಅಂಗೈ ಹರಿದುಕೊಂಡು ಬಿಡಿಸಿದ. ಗುಂಡು ಕೈಗೆ ಬಂದದ್ದೇ ಅವನ ಮುಖ ಬಿಳಿಚಿತು. ಇದನ್ನ ಊರಲ್ಲಿ ಆಡಬೇಡಿ ಅಂತ ಬೇಡಿಕೊಂಡ." ಮುದುಕಿ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. "ಅಯ್ಯೋ... ಆಡಿಬಿಟ್ಟೆ."

ಶೋನಗ್‌ಳ ಕಾಲಡಿಯ ದಕ್ಕೆ ಮೈಲಿಗಟ್ಟಲೆ ಕುಸಿಯಿತು.

ಶನಿವಾರ ಸಂಜೆ... ಭಾನುವಾರ ಹುಟ್ಟುವ ಮುಂಚೆ ಮನೆ ಸೇರುವ ಆತುರ. ಹಗ್ಗಕ್ಕೆ ತೂಕ ಕಟ್ಟದೆಯೇ ಬುಟ್ಟಿಗಳನ್ನು ಇಳಿಸಿಬಿಟ್ಟಿದ್ದಳು. ಸಡಿಲ ಹಗ್ಗ ನೀರಿನಲ್ಲಿ ಉರುಳಿನಂತೆ ತೇಲುತ್ತಿದ್ದಾಗ ಅವಳು ಚರ್ಚಿನಲ್ಲಿ ಕೈಮುಗಿದು ಕುಳಿತಿದ್ದಳು!

ಜೀವ ಉಳಿಸುವ ಕೆಲಸಕ್ಕೆ ಭಾನುವಾರದ ಅಡ್ಡಿಯಿಲ್ಲ, ಅದು ನಮ್ಮ ತೊಟ್ಟಿಲ ಕೂಸಿಗೂ ಗೊತ್ತು. ಒಂದು ಮಾತು ಆಡಿದ್ದರೆ ಟಾರ್ಕಿಲ್ ಬಚಾವಾಗುತ್ತಿದ್ದ. ಆದರೆ ಹಗ್ಗ ಯಾರದೆಂದು ಮರುಕ್ಷಣವೇ ಊರು ಕೇಳುತ್ತಿತ್ತು.

ಅದಕ್ಕೇ ನುಂಗಿಕೊಂಡನೇ... ನಾನು ಉಗುಳಿದ್ದನ್ನೂ ನುಂಗಿಕೊಂಡನೇ?

ಬಲೆಮನೆಯ ಬಾಗಿಲು ಅವಳಿಗೆ ಅಂದಿನಷ್ಟು ದೂರ ಎಂದೂ ಇರಲಿಲ್ಲ. ಒಳಗೆ ಫಿನ್ಲೆ ಮಾತು ಶುರುಮಾಡಿದ್ದ. ಶೋನಗ್ ನಡುವೆ ಹೋಗಿ ನಿಂತಳು. ಮುಖ ಮುಚ್ಚಿಕೊಳ್ಳಲು ಅವಳ ಬಳಿ ಏನೂ ಇರಲಿಲ್ಲ.

"ಹಗ್ಗ ನಂದು," ಎಂದಳು. "ತೂಕ ಕಟ್ಟದೆ ಬಿಟ್ಟು ತಿಮಿಂಗಿಲದ ಮರೀನ ಉರುಳಿಗೆ ಹಾಕಿದೋಳು ನಾನು. ನಿನ್ನೆ ಅದನ್ನ ಬಿಡಿಸೋಕೆ ಹೋದೋನು ಅವನು. ಕಳಿಸೋದಿದ್ರೆ ನನ್ನನ್ನ ಕಳಿಸಿ."

ಫಿನ್ಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದ. ನಿನ್ನೆ ತನ್ನ ನಾಲಿಗೆಯೂ ತೂಕ ಕಟ್ಟದ ಹಗ್ಗವೇ ಆಗಿತ್ತೆಂದು ಗೊಣಗಿ, ಅವಳಿಗೆ ಬಾಗಿಲು ತೋರಿಸಿದ. ಓಡು, ಅವನು ದೋಣಿಯ ಕಟ್ಟು ಬಿಚ್ಚುತ್ತಿದ್ದಾನೆ ಎಂದ.

ಅವಳು ಓಡಿದ ಓಟಕ್ಕೆ ಗಾಳಿಯೇ ಹಿಂದೆ ಬಿತ್ತು!

ದೋಣಿ ದಕ್ಕೆಯಿಂದ ಒಂದು ಮಾರು ಸರಿದಿತ್ತು. ಅವಳು ಹಾರಿದಳು. ಟಾರ್ಕಿಲ್ ಅವಳನ್ನು ಹಿಡಿದುಕೊಂಡ. ಶೋನಗ್ ಆ ಬಟ್ಟೆ ಸುತ್ತಿದ ಅಂಗೈಗಳನ್ನು ಈಗ ನೋಡಿದಳು. ತನ್ನದೇ ಹಗ್ಗ ಕೊರೆದ ಅಂಗೈಗಳು...

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಊರಿನ ಮುಂದೆ ನೀನು ನಿಲ್ಬೇಕಿತ್ತು. ನಾನು ನಿಂತ್ಕೊಳ್ಳೋದು ಸುಲಭ. ನೀನು ನಿಂತಿದ್ದನ್ನ ನೋಡೋದು ಆಗ್ತಿರಲಿಲ್ಲ."

"ಈಗ ನಿಂತು ಬಂದೆ. ಎಲ್ಲಾ ಹೇಳಿಬಂದೆ." ಅವಳಿಗೆ ಅವನ ಮುಖ ನೋಡಲಾಗಲಿಲ್ಲ. "ಮರಿ... ಬದುಕ್ತಾ?"

"ತಾಯಿ ಜೊತೆ ಹೋಯ್ತು."

ಅವಳು ಅತ್ತಳು. ಅಟ್ಲಾಂಟಿಕ್ ಒಂದು ಗೇಣು ಏರಿತೆಂದು ಈಗಲೂ ನಮ್ಮವರು ಹೇಳುತ್ತಾರೆ.

"ಬೆಳಿಗ್ಗೆ ಹೇಳಿದ್ದು ನನ್ನ ಉತ್ತರ ಅಲ್ಲ, ಟಾರ್ಕಿಲ್. ಆದ್ರೆ ಇವತ್ತೇ ಕ್ಷಮಿಸಬೇಡ. ನನಗೆ ಅಷ್ಟು ಯೋಗ್ಯತೆ ಇಲ್ಲ."

"ಆಯ್ತು. ಕ್ಷಮಿಸೋದು ನಾಳೆ. ಉತ್ತರ ಮಾತ್ರ ಇವತ್ತೇ ಬೇಕು."

ಅವಳು ಅವನ ಅಂಗೈಯನ್ನು ಮೆಲ್ಲಗೆ ತನ್ನ ಕೆನ್ನೆಗೆ ಒತ್ತಿಕೊಂಡಳು. "ಹೂಂ."

ದಕ್ಕೆಯ ಮೇಲೆ ಊರು ಮತ್ತೆ ನೆರೆದಿತ್ತು. ಟಾರ್ಕಿಲ್ ಪಿಸುಗುಟ್ಟಿದ, "ಎಲ್ಲರೂ ನೋಡ್ತಿದ್ದಾರೆ ಕಣೇ."

"ನೋಡಲಿ ಬಿಡು. ನಾಚಿಕೆಯೆಲ್ಲಾ ಇವತ್ತೇ ಖರ್ಚಾಗೋಯ್ತು."