ಅಜ್ಜಿ ಓಡಿಸಿದ ರಾಟವಾಳ

"ಹೋಯ್! ಹೋ ಹೋ ಹೋಯ್!"

ಟೆರೇಸಿನಿಂದ ಬಂದ ಆ ಕೂಗಿಗೆ ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಗೂಡ್ಸ್ ಆಟೋ ಗಕ್ಕನೆ ನಿಂತುಬಿಟ್ಟಿತು. ಟೆರೇಸಿನಲ್ಲಿ ಕಟ್ಟಿದ್ದ ನವಣೆ ತೆನೆಯ ಮೇಲೆ ಆಗ ತಾನೇ ಬಂದು ಕೂತಿದ್ದ ನಾಲ್ಕು ಪುಟ್ಟ ಹಕ್ಕಿಗಳು ಪುರ್ರನೆ ಹಾರಿ, ಫ್ಯಾಕ್ಟರಿ ಹಿಂದಿನ ಖಾಲಿ ಸೈಟಿನ ಹುಲ್ಲಿನಲ್ಲಿ ಮಾಯವಾದವು.

ನೀರಿನ ಟ್ಯಾಂಕಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಸವಿತಾ ದಡಕ್ಕನೆ ಎದ್ದಳು. ಕೈಯಲ್ಲಿದ್ದ ಪೆನ್ಸಿಲ್ ಇನ್ನೂ ಹಾಳೆಯನ್ನು ಮುಟ್ಟಿಯೇ ಇರಲಿಲ್ಲ.

"ಅಜ್ಜೀ! ಯಾಕೆ ಓಡಿಸ್ದೆ?"

ಸಿದ್ದಕ್ಕಜ್ಜಿ ಮೇಲೆತ್ತಿದ್ದ ತನ್ನ ಕೈಯನ್ನು ತಾನೇ ನೋಡಿಕೊಂಡಳು. ನಾಲಿಗೆ ಕಚ್ಚಿಕೊಂಡಳು.

"ಅಯ್ಯ ಶಿವನೇ! ಗುಬ್ಬಿ ತೆನಿ ಮ್ಯಾಲೆ ಕುಂತಿದ್ದು ಕಂಡ್ತು ನೋಡವ್ವಾ, ಕೈ ತಾನಾಗೇ ಎದ್ದುಬಿಡ್ತು."

"ಗುಬ್ಬಿ ಅಲ್ಲ, ರಾಟವಾಳ! ಎಂಟು ದಿನದಿಂದ ಕಾಯ್ತಿದೀನಿ ಗೊತ್ತಾ? ಸೋಮವಾರ ಲಾಸ್ಟ್ ಡೇಟು!"

ತಮಾಷೆಯೆಂದರೆ, ಕೂಡ್ಲಿಗಿ ಕಡೆಯ ಊರಿನಿಂದ ಆ ತೆನೆಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದವಳು ಅಜ್ಜಿ. ಹಕ್ಕಿ ಬರಲೆಂದು ಬಟ್ಟೆ ಒಣಗಿಸುವ ತಂತಿಗೆ ಕಟ್ಟಿಕೊಟ್ಟವಳೂ ಅಜ್ಜಿಯೇ. ಹೇಮಲತಾ ಮಿಸ್ ಐದನೇ ಕ್ಲಾಸಿಗೆ ಒಂದು ಹಕ್ಕಿಯ ಚಿತ್ರ ಬಿಡಿಸಲು ಹೇಳಿದ್ದರು. ಮೊಬೈಲ್ ನೋಡಿ ಬಿಡಿಸುವ ಹಾಗಿಲ್ಲ, ಕಣ್ಣಾರೆ ಕಂಡದ್ದೇ ಆಗಬೇಕು. ರಾಜಗೋಪಾಲನಗರದಲ್ಲಿ ಕಾಗೆ, ಪಾರಿವಾಳಕ್ಕೇನು ಬರ? ಅವನ್ನು ಎಲ್ಲರೂ ಬಿಡಿಸುತ್ತಾರೆ. ಸವಿತಾಳಿಗೆ ಹುಲ್ಲುಬೀಜ ತಿನ್ನುವ ಈ ರಾಟವಾಳವೇ ಬೇಕಿತ್ತು.

ಸಂಜೆಯವರೆಗೂ ಅವಳು ಅಜ್ಜಿಯ ಹತ್ತಿರ ಠೂ ಬಿಟ್ಟಿದ್ದಳು. ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾಗ, ಅಜ್ಜಿಯೇ ಮಂಡಕ್ಕಿ ಬಟ್ಟಲು ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ನಿನ್ನಷ್ಟಿದ್ದಾಗ ನನಗ ಅದೇ ಕೆಲಸ ತಂಗಿ. ಹೊಲದಾಗ ಅಟ್ಟ ಕಟ್ಟಿ ಕುಂದ್ರಸ್ತಿದ್ರು. ಹೊತ್ತು ಮುಳುಗೋತನಕ ಗುಬ್ಬಿ ಓಡಸೋದು."

"ಮತ್ತೆ ಸ್ಕೂಲು?" ಸವಿತಾಳ ಬಾಯಿಂದ ಮಾತು ಬಂದೇಬಿಟ್ಟಿತು.

"ತೆನಿ ಬಲಿಯೋ ಹೊತ್ತಿಗೆ ಸಾಲಿ ಬಿಡಸ್ತಿದ್ರು. ಆದ್ರ ಭಾಳ ಮಜಾ ಇತ್ತವ್ವಾ! ನಾನು ಹೋಯ್ ಅಂದ್ರ ಆಚಿ ಹೊಲದಾಗಿಂದ ಗಂಗಮ್ಮ ಹೋಯ್ ಅಂತಿದ್ಲು. ಅಕಿ ದನಿ ಕೇಳಾಕಂತ, ಗುಬ್ಬಿ ಇಲ್ಲದಿದ್ರೂ ಕೂಗ್ತಿದ್ದೆ. ಮಧ್ಯಾಹ್ನ ಹಸಿ ತೆನಿ ಸುಟ್ಟು, ಉಜ್ಜಿ, ಹೊಟ್ಟು ಊದಿ, ಒಬ್ಬರ ಉಡಿಗೊಬ್ಬರು ಹಾಕ್ತಿದ್ವಿ."

ಅಜ್ಜಿ ನಗುತ್ತಿದ್ದಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸವಿತಾ ಬಟ್ಟಲಿಗೆ ಕೈ ಹಾಕಿ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡಳು.

ಭಾನುವಾರ ಬೆಳಿಗ್ಗೆ ಟ್ಯಾಂಕಿನ ಮರೆಯಲ್ಲಿ ಇಬ್ಬರೂ ಕೂತರು.

"ಮತ್ತೆ ಕೈ ಎದ್ರೆ?"

"ನೀನೇ ಹಿಡ್ಕ."

ಸವಿತಾ ತನ್ನ ಬಲಗೈಯಿಂದ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಒಂದು ರಾಟವಾಳ ಬಂತು. ಹಿಂದೆಯೇ ಮೂರು. ಅಜ್ಜಿಯ ಕೈ ಜಗ್ಗಿತು, ಸವಿತಾ ಬಿಡಲಿಲ್ಲ. ಅಜ್ಜಿ ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಳು.

ಒಂದು ಹಕ್ಕಿ ತೆನೆಗೆ ಜೋತುಬಿದ್ದು ಇವರ ಕಡೆ ತಿರುಗಿ ಕಾಳು ಬಿಡಿಸತೊಡಗಿತು. ಅಜ್ಜಿ ಕತ್ತು ಮುಂದಕ್ಕೆ ಚಾಚಿದಳು.

"ಎದಿ ತುಂಬ ಚುಕ್ಕಿ ಅದಾವಲ್ಲ ತಂಗಿ!"

"ಶ್! ನೀನು ಯಾವತ್ತೂ ನೋಡೇ ಇಲ್ವಾ?"

"ಎಲ್ಲಿ ನೋಡ್ಲಿ? ಅವು ಕುಂತ್ರ ತಾನೇ ನೋಡೋದು. ನಾನು ಕುಂದ್ರಾಕ ಬಿಟ್ರ ತಾನೇ..." ಅಜ್ಜಿ ಆ ಚುಕ್ಕಿಗಳನ್ನೇ ನೋಡತೊಡಗಿದಳು.

ಈಗ ಅಜ್ಜಿಯ ಕೈ ಜಗ್ಗುತ್ತಿರಲಿಲ್ಲ. ಬಲಗೈ ಬಿಡಿಸಿಕೊಂಡರೆ ಸವಿತಾ ಚಿತ್ರ ಶುರು ಮಾಡಬಹುದಿತ್ತು. ಆದರೆ ಅಲುಗಾಡಿದರೆ ಹಕ್ಕಿ ಹಾರಿಹೋಗಬಹುದು. ಚಿತ್ರ ಆಮೇಲೆ ಬಿಡಿಸಿದರಾಯಿತು, ಅಜ್ಜಿ ಮೊದಲು ಕಣ್ತುಂಬ ನೋಡಲಿ ಎಂದು ಅವಳು ಕೈ ಹಿಡಿದುಕೊಂಡೇ ಕೂತಳು.